ಅತ್ತೆಯ ಬಾಚಣಿಗೆ

ಒಬ್ಬರ ಮನೆಯೊಳಗಿನ ಮಾತನ್ನು ಹೊರಗೆ ಹೇಳುತ್ತಿದ್ದೇನೆ, ಕ್ಷಮಿಸಿ. ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಮನೆಯಲ್ಲಿ ಕೂತು ಸುಗಂಧಿ ವಿಡಿಯೊ ಕಾಲ್ ನೋಡುತ್ತಿದ್ದಳು. ಮೈದುನನ ಸಂಸಾರದ ಜೊತೆ ಪ್ರವಾಸ ಹೋದ ಅತ್ತೆ ವಿಯೆನ್ನಾದ ಭಾರೀ ಹೋಟೆಲಿನ ಮಂಚದ ಮೇಲಿದ್ದರು. ಓರಗಿತ್ತಿ ಭಾನುಮತಿ ಅವರ ತಲೆ ಬಾಚುತ್ತಿದ್ದಳು. ಹೋಟೆಲಿನ ವೈಭವ ಸುಗಂಧಿಯ ಕಣ್ಣಿಗೆ ಬೀಳಲೇ ಇಲ್ಲ. ಏಳು ವರ್ಷದಿಂದ ದಿನಾ ಆ ತಲೆ ಬಾಚುತ್ತಿದ್ದವಳು ಅವಳು.

“ನನ್ನ ಮರದ ಬಾಚಣಿಗೆ ಸೂಟ್‌ಕೇಸಿಗೆ ಹಾಕೋದು ಮರೆತುಬಿಟ್ಯಲ್ಲೇ,” ಎಂದರು ಅತ್ತೆ. “ಹೋಗ್ಲಿ ಬಿಡು, ಭಾನು ಕೈ ಮೆತ್ತಗಿದೆ. ನಿನ್ ಹಾಗೆ ಎಳೆದಾಡಲ್ಲ!”

“ಮರೆತೇ ಹೋಯ್ತು ಅತ್ತೆ,” ಎಂದಳು ಸುಗಂಧಿ. ಫೋನಿಗೆ ಕಾಣದಂತೆ ಮಡಿಲಲ್ಲಿ ಅವಳ ಎಡಗೈ ಆ ಬಾಚಣಿಗೆಯನ್ನು ಬಿಗಿಯಾಗಿ ಹಿಡಿದಿತ್ತು.

ಪಕ್ಕದಲ್ಲಿದ್ದ ಮಗಳು ಶ್ರೀಯಾ ಮಲೇಷ್ಯಾದ ಇಂಗ್ಲಿಷಿನಲ್ಲಿ ಕೂಗಿದಳು: “ಅಮ್ಮಾ, ಇಟ್ಸ್ ಇನ್ ಯುವರ್ ಹ್ಯಾಂಡ್ ಲಾ!”

ಅಲ್ಲಿ ಭಾನುಮತಿಯ ಕೈ ನಿಂತಿತು. ಅತ್ತೆಗೆ ಕೇಳಿಸಿತೋ ಇಲ್ಲವೋ, ನನಗೆ ಗೊತ್ತಿಲ್ಲ.