ಫ್ರಿಜ್ಜಿನಲ್ಲಿಟ್ಟ ರಕ್ತ

ಅಮೃತಳ ರಕ್ತಕ್ಕೆ ತಾನಾಗಿ ನಿಲ್ಲುವ ಶಕ್ತಿ ಇರಲಿಲ್ಲ. ಪ್ಲೇಟ್‌ಲೆಟ್ಟಿನ ದೋಷ ಯಾವುದೆಂದು ತಿಳಿಯಲು ಸಂಶೋಧನೆಯ ಡಾಕ್ಟರ್ ನಾಗಶ್ರೀ ಮಳವಳ್ಳಿಯಲ್ಲಿದ್ದ ಹುಡುಗಿಯ ಮನೆಗೇ ಬಂದು ರಕ್ತ ತೆಗೆದಿದ್ದಳು. ಹೆಪ್ಪುಗಟ್ಟದಿರಲೆಂದು ಸಿಟ್ರೇಟ್ ದ್ರಾವಣ ಹಾಕಿದ್ದ ಕೊಳವೆಗಳಿಗೆ ತುಂಬಿ, ಸೂಜಿ ಚುಚ್ಚಿದ ಜಾಗವನ್ನು ಒಂದು ಗಂಟೆ ಒತ್ತಿ ಹಿಡಿದು ಕೂತಿದ್ದಳು. ಕೊನೆಗೂ ರಕ್ತ ನಿಂತಿತು. ತಲೆಯೆತ್ತಿ ನೋಡಿದರೆ ಮೇಜಿನ ಮೇಲೆ ಕೊಳವೆಗಳಿರಲಿಲ್ಲ.

"ಉಡುಕ್ಬ್ಯಾಡ ಕಣವ್ವ," ಎನ್ನುತ್ತ ಅಜ್ಜಿ ಹೊಂಬಾಳಮ್ಮ ಫ್ರಿಜ್ಜಿನ ಬಾಗಿಲು ತೆಗೆದಳು. "ಓದ್ದೋಳಾಗಿ ಬಿಸ್ಲು ಬೀಳೋ ಕಡೆ ಇಟ್ಟಿದ್ಯಲ್ಲ! ಕೆಟ್ಟೋಯ್ತವೆ ಅಂತ ಆಗ್ಲೇ ಎತ್ತಿಟ್ಟೆ."

ಮೊಸರಿನ ಪಾತ್ರೆಯ ಪಕ್ಕದಲ್ಲಿ ಕೊಳವೆಗಳು ಒಪ್ಪವಾಗಿ ನಿಂತಿದ್ದವು. ತಣ್ಣಗಾದ ಪ್ಲೇಟ್‌ಲೆಟ್ಟು ಪರೀಕ್ಷೆಗೆ ಬರುವುದಿಲ್ಲ. ಅದನ್ನು ಮೊದಲೇ ಹೇಳಬೇಕೆಂದು ನಾಗಶ್ರೀಗೆ ಹೊಳೆದಿರಲಿಲ್ಲ.

"ಇನ್ನೊಂದ್ಸಲ ಚುಚ್ಚಲ್ಲ ತಾನೇ ಅಕ್ಕ?" ಎಂದಳು ಅಮೃತ. ಅವಳ ತೋಳು ಮೊಣಕೈವರೆಗೂ ನೀಲಿಗಟ್ಟಿತ್ತು.

"ಇಲ್ಲ ಪುಟ್ಟಿ."

"ನಂಗೇನಾಗದೆ ಅಂತ ಇದ್ರಲ್ಲಿ ಗೊತ್ತಾಯ್ತದಾ?"

ನಾಗಶ್ರೀ ಕೊಳವೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಾಲ್ಕಕ್ಕೆ ನಾಲ್ಕೂ ಹಾಳಾಗಿದ್ದವು.