ಮೊದಲ ಸೋಮವಾರ

ಪ್ರತಿ ತಿಂಗಳ ಮೊದಲ ಸೋಮವಾರ, ಎರಡು ವರ್ಷ ಚಾಚೂ ತಪ್ಪದೆ, ವಿಜ್ಞಾನಿ ಮುಕುಂದರಾಯರು ಬಣ್ಣದ ಕಾರ್ಖಾನೆಯ ಕೆಳಗಿನ ಹೊಳೆಯಿಂದ ಸೀಸೆಗೆ ನೀರು ತುಂಬಿಕೊಂಡು ಹೋದರು. ಪರೀಕ್ಷೆಯಲ್ಲಿ ಪ್ರತಿ ಸಲವೂ ನೀರು ಶುದ್ಧ. ಅವರ ಜೀಪು ಕಂಡರೆ ಸಾಕು, ಊರ ಹೆಂಗಸರೆಲ್ಲ ಕೊಡ ಹೊತ್ತು ದಡಕ್ಕೆ ಓಡಿ ಬರುತ್ತಿದ್ದರು. ರಾಯರು ಒಳಗೊಳಗೇ ಉಬ್ಬುತ್ತಿದ್ದರು.

"ಇವತ್ತಿಗೆ ನನ್ನ ಸಂಶೋಧನೆ ಮುಗೀತು. ಹೊಳೆ ಶುದ್ಧ ಅಂತ ವರದಿ ಕಳಿಸ್ತೀನಿ," ಎಂದರು.

ಮುಂದೆ ನಿಂತಿದ್ದ ಫಕೀರವ್ವನ ಮುಖ ಬಾಡಿತು. "ಅಂದ್ರ ಇನ್ನ ಬರಾಂಗಿಲ್ಲೇನ್ರಿ ಸಾಹೇಬ್ರ?"

ರಾಯರ ಕಣ್ಣು ತೇವವಾಯಿತು. "ನನ್ನನ್ನ ಇಷ್ಟು ಹಚ್ಚಿಕೊಂಡಿದ್ದೀಯಾ ಅಂತ ಗೊತ್ತಿರಲಿಲ್ಲಮ್ಮ."

"ನೀವು ಬರೂ ದಿನ ಅಷ್ಟ ಕಾರ್ಖಾನಿಯವ್ರು ಹೊಲಸ ಬಿಡೂದು ನಿಲ್ಲಸ್ತಾರ್ರಿ. ಇನ್ಮ್ಯಾಲೆ ನಾವು ಕುಡಿಯೂ ನೀರು ಯಾವತ್ತ ತುಂಬೂನ್ರಿ?"