ಭಾನುವಾರದ ಕಳ್ಳ

“ನಿಮ್ಮ ಮೇಲ್ ಒಳಗೆ ನಿಮ್ಮನ್ನ ಬಿಟ್ಟು ಇನ್ಯಾರೋ ಓಡಾಡ್ತಿದ್ದಾರೆ ಮೇಡಂ,” ಎನ್ನುತ್ತ ಮೊಬೈಲ್ ರಿಪೇರಿಯವನು ಫೋನನ್ನು ಅವಳತ್ತ ತಿರುಗಿಸಿದ.

ಬೆಳಗಿನಿಂದ ಬೀದಿಯಲ್ಲೆಲ್ಲ ಅದೇ ಮಾತು. ಕೋಟಿಗಟ್ಟಲೆ ಜನರ ಪಾಸ್‌ವರ್ಡ್ ಸೋರಿಹೋಗಿದೆಯೆಂದು ಟೀವಿಯವರು ಗಂಟಲು ಹರಿದುಕೊಳ್ಳುತ್ತಿದ್ದರು. ಕನ್ನಡಕದಂಗಡಿಯ ಯಜಮಾನ ಗಾಬರಿಬಿದ್ದು ಫೋನನ್ನೇ ಆಫ್ ಮಾಡಿ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದ. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತ ಬಂದ ಅವಳಿಗೆ ಮಾತ್ರ ನಗು ಬಂದಿತ್ತು. ತನ್ನಲ್ಲಿ ಕದಿಯುವಂಥದ್ದೇನಿದೆ? ಆದರೂ ಯಾವುದಕ್ಕೂ ಇರಲಿ ಎಂದು ಊಟದ ಬಿಡುವಿನಲ್ಲಿ ಪಕ್ಕದ ರಿಪೇರಿ ಅಂಗಡಿಗೆ ಬಂದಿದ್ದಳು. ಈಗ ನಗು ಇರಲಿಲ್ಲ.

ರಿಪೇರಿಯವನು ನಿಧಾನಸ್ಥ. “ಟೀವಿ ನೋಡಿ ಹೆದರಬೇಡಿ. ಅವರು ಹೇಳ್ತಿರೋ ಸೋರಿಕೆ ಆಗಿದ್ದು ಹೋದ ವಾರ. ಇವನು ಎರಡು ವರ್ಷದಿಂದ ಬರ್ತಿದ್ದಾನೆ. ಭಾನುವಾರ ಭಾನುವಾರ ಬರ್ತಾನೆ. ಇವತ್ತು ಬೆಳಿಗ್ಗೆ ಮಾತ್ರ ಭಾನುವಾರ ಅಲ್ಲದಿದ್ರೂ ಬಂದಿದ್ದಾನೆ.”

ಏನು ಕದ್ದಿದ್ದಾನೆ ಎಂದು ಕೇಳಿದಳು. ಏನೂ ಇಲ್ಲ. ಏನನ್ನೂ ಅಳಿಸಿಲ್ಲ, ಯಾರಿಗೂ ಏನೂ ಕಳಿಸಿಲ್ಲ. ಅದೇ ರಿಪೇರಿಯವನಿಗೂ ಬಗೆಹರಿಯದ ವಿಷಯ.

“ಪಾಸ್‌ವರ್ಡ್ ಯಾವಾಗಿಂದು?”

“ಹನ್ನೆರಡು ವರ್ಷ ಆಯ್ತು. ಆಗ ನಮ್ಮನೆ ಹುಡುಗ ಇಟ್ಟುಕೊಟ್ಟಿದ್ದು.”

ಹೊಸದೊಂದು ಇಟ್ಟರೆ ಅವನು ತಾನಾಗಿ ಹೊರಬೀಳುತ್ತಾನೆ, ಸಂಜೆಯೊಳಗೆ ಮಾಡಿಬಿಡಿ ಎಂದು ಹೇಳಿ, ಹೇಗೆ ಬದಲಾಯಿಸುವುದೆಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟ.

ಮಧ್ಯಾಹ್ನ ಅವಳ ಕೈಯಲ್ಲಿ ಒಂದು ಗಾಜಿನ ಅಂಚು ಸಿಡಿಯಿತು. ಹಾಗಾಗಿ ವರ್ಷಗಳೇ ಆಗಿದ್ದವು.

ಕದಿಯುವಂಥದ್ದು ಇರಲಿಲ್ಲ, ನಿಜ. ಓದುವಂಥದ್ದು ಇತ್ತು. ಆರು ವರ್ಷದ ಹಿಂದೆ ತಾಯಿಗೆ ಜ್ವರ ಬಂದಾಗ, ಎರಡು ದಿನದಲ್ಲಿ ಇಳಿಯುತ್ತದೆ, ದೂರದಲ್ಲಿ ಕೆಲಸಕ್ಕಿರುವ ತಮ್ಮನಿಗೆ ಯಾಕೆ ಸುಮ್ಮನೆ ಗಾಬರಿ ಎಂದು ಅವಳು ತಿಳಿಸಿರಲಿಲ್ಲ. ನಾಲ್ಕನೆಯ ದಿನ ತಾಯಿ ಹೋದಳು. ಎಲ್ಲ ಮುಗಿದ ಮೇಲೆ ಬಂದ ತಮ್ಮ ಹೊಸ್ತಿಲು ದಾಟಲಿಲ್ಲ. “ಇವತ್ತಿಗೆ ಇಬ್ಬರೂ ಹೋದ್ರು ನನ್ನ ಪಾಲಿಗೆ,” ಎಂದಷ್ಟೇ ಹೇಳಿ ತಿರುಗಿ ನಡೆದ.

ಒಂದು ವರ್ಷ ಮೇಲ್ ಕಳಿಸಿದಳು. ಉತ್ತರವಿಲ್ಲ. ಮತ್ತೆ ಮತ್ತೆ ಕಾಡುವುದು ಬೇಡವೆಂದು ಕಳಿಸುವುದನ್ನು ನಿಲ್ಲಿಸಿದಳು. ಬರೆಯುವುದನ್ನು ನಿಲ್ಲಿಸಲಾಗಲಿಲ್ಲ. ವಿಳಾಸದ ಜಾಗ ಖಾಲಿ ಬಿಟ್ಟು ಬರೆದು ಬರೆದು ಡ್ರಾಫ್ಟಿನಲ್ಲಿಟ್ಟಳು. ಸೋರುವ ನಲ್ಲಿ, ಮಂಜಾಗುತ್ತಿರುವ ತನ್ನದೇ ಕಣ್ಣು, ಒಬ್ಬಳೇ ಉಣ್ಣುವ ಊಟ, ಆ ನಾಲ್ಕು ದಿನದ ಜ್ವರ. ಯಾರೂ ಓದುವುದಿಲ್ಲವೆಂಬ ಧೈರ್ಯದಿಂದಲೇ ಅಷ್ಟೆಲ್ಲ ಬರೆದದ್ದು.

ಅದನ್ನೆಲ್ಲ ಯಾವನೋ ಗುರುತಿಲ್ಲದವನು ಓದಿದ್ದಾನೆ. ಸಂಜೆ ಮೆಟ್ಟಿಲು ಹತ್ತುವಾಗ ಅವಳ ಮುಖ ಬಿಸಿಯೇರಿತ್ತು. ಮೂರನೆಯ ಮಹಡಿ ತಲುಪುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು, ಅದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು: ಅಂತೂ ಒಬ್ಬರಾದರೂ ಓದಿದರಲ್ಲ.

ಬಾಗಿಲು ಹಾಕಿಕೊಂಡು ಕಿಟಕಿಯ ಬೆಳಕಿಗೆ ಕೂತಳು. ಚೀಟಿ ಬಿಡಿಸಿ ಪಕ್ಕದಲ್ಲಿಟ್ಟಳು. ಪಾಸ್‌ವರ್ಡ್ ಆಮೇಲೆ, ಮೊದಲು ಪತ್ರಗಳನ್ನು ಅಳಿಸಿಬಿಡೋಣ ಎಂದುಕೊಂಡು ಎಲ್ಲಕ್ಕಿಂತ ಮೇಲಿನದನ್ನು ತೆರೆದಳು. ಮೊನ್ನೆ ಬರೆದು ಅರ್ಧಕ್ಕೆ ಬಿಟ್ಟದ್ದು. ಅದರ ಕೆಳಗೆ ಅವಳು ಬರೆಯದ ಎರಡು ಸಾಲುಗಳಿದ್ದವು.

“ಅಕ್ಕಾ, ಸುದ್ದಿ ಕೇಳಿ ಹೆದರಿಕೊಂಡು ಪಾಸ್‌ವರ್ಡ್ ಬದಲಾಯಿಸಿಬಿಡಬೇಡ. ಭಾನುವಾರ ನಾನು ಇನ್ನೆಲ್ಲಿಗೆ ಹೋಗಲಿ?”